ಆ ಹಳದಿ ಯಾವ ಹಳದಿ?

ಮಾವನಿಗೆ ಎಪ್ಪತ್ತೈದು ತುಂಬಿದಾಗ ನಾವು ಮಕ್ಕಳೆಲ್ಲ ಸೇರಿ ಒಂದು ಫೋಟೋ ದೊಡ್ಡದು ಮಾಡಿಸಿ ಕೊಟ್ಟೆವು. 2011ರಲ್ಲಿ ನಾನೇ ತೆಗೆದದ್ದು. ಸಂಜೆ ಹೊತ್ತಿನ ಮರೀನ್ ಡ್ರೈವ್, ಅಲ್ಲಿ ನಿಂತ ಅವರ ಪದ್ಮಿನಿ ಟ್ಯಾಕ್ಸಿ, ಹಿಂದೆ ಸೂನಾ ಮಹಲ್‌ನ ದುಂಡು ಮೂಲೆ. ವಡಾಳದ ಅವರ ಖೋಲಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆವು. ಮಾವ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ನಂಬರ್ ಪ್ಲೇಟ್ ಓದಿದರು. ಬಾನೆಟ್ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ನನ್ದೇ. ಆದ್ರೆ ಇದ್ ನನ್ ಗಾಡಿ ಹಳ್ದಿ ಅಲ್ಲ ಮಾರಾಯ" ಎಂದರು.

"ಮತ್ತೆ ಯಾವ ಹಳದಿ ಮಾವ?"

"ಇದ್ ಗೊಂಡೆ ಹೂವಿನ ಬಣ್ಣ. ನನ್ ಗಾಡಿದ್ ಬಕ್ಕೆ ಹಲಸಿನ ಸೊಳೆ ಬಣ್ಣ."

ಎಲ್ಲರೂ ನಕ್ಕು ಕೇಕ್ ಕತ್ತರಿಸಲು ಹೋದರು. ನನಗೆ ಮಾತ್ರ ಆ ಮಾತು ಹೊಟ್ಟೆಯಲ್ಲಿ ಉಳಿಯಿತು. ಹದಿನೈದು ವರ್ಷದಿಂದ ಭಾನುವಾರ ಬಂದರೆ ಕ್ಯಾಮೆರಾ ಹೆಗಲಿಗೇರಿಸಿ ಹಳೆಯ ಗಾಡಿ, ಹಳೆಯ ಕಟ್ಟಡ ಎಂದು ಈ ಊರು ಸುತ್ತಿದವನು ನಾನು. ಆ ಟ್ಯಾಕ್ಸಿಯೊಂದರದೇ ನಾನೂರಕ್ಕೂ ಹೆಚ್ಚು ಚಿತ್ರ ನನ್ನ ಹಾರ್ಡ್‌ಡಿಸ್ಕ್‌ನಲ್ಲಿತ್ತು. ಅಷ್ಟಿದ್ದೂ ಅದರ ಬಣ್ಣ ತಪ್ಪಿಸಿದ್ದೆ.

ಮಾವ ಕುಂದಾಪುರದ ಕಡೆಯಿಂದ 1962ರಲ್ಲಿ, ಹದಿಮೂರನೇ ವಯಸ್ಸಿಗೆ, ಬೊಂಬಾಯಿಗೆ ಬಂದವರು. ಹಗಲು ಕೋಟೆ (ಫೋರ್ಟ್) ಬಡಾವಣೆಯ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಆಮೇಲೆ ಡ್ರೈವಿಂಗ್ ಕಲಿತು, ಬ್ಯಾಡ್ಜ್ ತೆಗೆದುಕೊಂಡು, ಇಪ್ಪತ್ತು ವರ್ಷ ಬೇರೆಯವರ ಗಾಡಿ ಓಡಿಸಿದರು. 1996ರ ದಸರಾಕ್ಕೆ ಸಾಲ ಮಾಡಿ ಸ್ವಂತ ಪದ್ಮಿನಿ ತಂದರು. ಅದು ಅವರಿಗೆ ಬರೀ ಗಾಡಿಯಾಗಿರಲಿಲ್ಲ. ಮುಂಬಯಿಯಲ್ಲಿ ಬಾಡಿಗೆಗೆ ಓಡಿಸುವ ಡ್ರೈವರ್‌ಗೆ ಖಾಕಿ, ಗಾಡಿಯ ಮಾಲೀಕನೇ ಓಡಿಸಿದರೆ ಬಿಳಿ ಅಂಗಿ. ದಸರಾದ ಮಾರನೇ ದಿನದಿಂದ ಮಾವ ಬಿಳಿ ಅಂಗಿಯವರಾದರು. ಈ ಅಂಗಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಪದ್ಮಿನಿ ಎಂದರೆ ಇಟಲಿಯ ಫಿಯಟ್ 1100. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ಆ ಮಾದರಿ ತಯಾರಾಗತೊಡಗಿತು, ಪದ್ಮಿನಿ ಎಂಬ ಹೆಸರು ಎಪ್ಪತ್ತರ ದಶಕದಲ್ಲಿ ಬಂತು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಹಿಡಿಕೆ, ಮುಂದೆ ಬೆಂಚಿನಂಥ ಸೀಟು. ಡ್ರೈವರುಗಳ ಬಾಯಲ್ಲಿ ಕೊನೆಯವರೆಗೂ ಅದು 'ಫಿಯಾಟ್' ಆಗಿಯೇ ಉಳಿಯಿತು. ಸಿಎನ್‌ಜಿ ಬಂದ ಮೇಲೆ ಡಿಕ್ಕಿಯನ್ನು ಸಿಲಿಂಡರ್ ನುಂಗಿತು, ಪೆಟ್ಟಿಗೆಗಳೆಲ್ಲ ಮೇಲಿನ ಕ್ಯಾರಿಯರ್‌ಗೆ ಹೋದವು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಬಂದಿದ್ದರಿಂದ ಮಾವನ ಗಾಡಿ 2016ರಲ್ಲಿ ಮುರಿಯಲು ಹೋಯಿತು. ಇಡೀ ಊರಿನ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ 30ರಿಂದ ರಸ್ತೆಯ ಮೇಲೆ ಆ ಕಾಲಿ-ಪೀಲಿ, ಅಂದರೆ ಕಪ್ಪು ಮೈ, ಹಳದಿ ಮಾಡಿನ (ಮೇಲ್ಛಾವಣಿಯ) ಪದ್ಮಿನಿ ಟ್ಯಾಕ್ಸಿ ಇಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಗರದ ಬಸ್ ಸಂಸ್ಥೆ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್‌ಡೆಕ್ಕರ್ ಬಸ್ಸುಗಳೂ ನಿಂತುಹೋಗಿದ್ದವು. 1937ರಿಂದ ಈ ಊರು ನೋಡಿಕೊಂಡು ಬಂದ ಹಳೆಯ ಮಹಡಿ ಬಸ್ಸು, ಜೊತೆಗೆ ಫಿಯಾಟ್ ಟ್ಯಾಕ್ಸಿ, ಒಂದೂವರೆ ತಿಂಗಳ ಅಂತರದಲ್ಲಿ ಹೋದವು. ಈಗ ಅವುಗಳ ಬಣ್ಣ ಹೇಗಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು ಹೆಚ್ಚಾಗಿ ಫೋಟೋವೇ ಗತಿ. ಹಾಗಿರುವಾಗ ಫೋಟೋದ ಹಳದಿಯೇ ಸುಳ್ಳಾದರೆ?

ಆ ರಾತ್ರಿ ಮಾಟುಂಗದ ಮನೆಗೆ ಬಂದು ಕಂಪ್ಯೂಟರ್ ಹಚ್ಚಿದೆ. ಮಾವನ ಗಾಡಿಯ ಚಿತ್ರಗಳನ್ನೆಲ್ಲ ಒಂದೇ ಪರದೆಯ ಮೇಲೆ ಸಣ್ಣಸಣ್ಣದಾಗಿ ಹರಡಿದೆ. ನೋಡಿ ಸುಮ್ಮನೆ ಕುಳಿತುಬಿಟ್ಟೆ. ನಿಂಬೆ, ಸೇವಂತಿಗೆ, ಅರಿಶಿನ, ಗೊಂಡೆ, ಕೇಸರಿಬಾತು. ಒಂದೇ ಗಾಡಿಯ ಒಂದೇ ಮಾಡಿಗೆ ಎಷ್ಟೊಂದು ಬಣ್ಣ! ಹಲಸಿನ ಸೊಳೆ ಮಾತ್ರ ಎಲ್ಲೂ ಇಲ್ಲ.

ಸ್ವಲ್ಪ ತಪ್ಪು ಕ್ಯಾಮೆರಾದ್ದು. ಅದರ ಕಣ್ಣಿನಲ್ಲಿ ಹಳದಿಯನ್ನು ನೋಡುವ ಬಿಂದುವೇ ಇಲ್ಲ. ಬೆಳಕು ಹಿಡಿಯುವ ಸೆನ್ಸರ್ ಮೇಲೆ ಹೆಣೆದಿರುವುದು ಕೆಂಪು, ಹಸಿರು, ನೀಲಿ ಜರಡಿಗಳು, ಅವುಗಳಲ್ಲಿ ಅರ್ಧ ಹಸಿರು, ಉಳಿದ ಕಾಲು ಕಾಲು ಕೆಂಪು ಮತ್ತು ನೀಲಿ. ಹಳದಿ ಎಂದರೆ ಕೆಂಪಿಗೂ ಹಸಿರಿಗೂ ಹೆಚ್ಚುಕಡಿಮೆ ಸಮನಾಗಿ ಬೆಳಕು ಬಿದ್ದು ನೀಲಿಗೆ ಬೀಳದೆ ಹೋದಾಗ ಲೆಕ್ಕ ಹಾಕಿ ಕಟ್ಟಿಕೊಂಡ ಬಣ್ಣ. ಪರದೆಯೂ ಅದೇ ರೀತಿ ಕಟ್ಟಿ ತೋರಿಸುತ್ತದೆ. ಹೀಗಾಗಿ ಕೆಂಪು ಒಂದು ಚೂರು ಹೆಚ್ಚಿದರೆ ಗೊಂಡೆ, ಒಂದು ಚೂರು ಇಳಿದರೆ ನಿಂಬೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಟ್ಯಾಕ್ಸಿಯ ಮಾಡಿನ ಫೋಟೋ ತೆಗೆದು ನೋಡಿ. ಕಪ್ಪು ಬಾಡಿಯನ್ನು ನೋಡಿದ ಕ್ಯಾಮೆರಾ ಬೆಳಕು ಸಾಲದೆಂದು ಹೆಚ್ಚು ಬೆಳಕು ಒಳಗೆ ಬಿಡುತ್ತದೆ, ಮಾಡಿನ ಕೆಂಪು ಪಾಲು ಮೊದಲು ತುಂಬಿ ತುಳುಕುತ್ತದೆ, ಹಸಿರು ಹಿಂದಿನಿಂದ ಬಂದು ಅದನ್ನು ಮುಟ್ಟುತ್ತದೆ, ಹಳದಿ ನಿಂಬೆಯಾಗುತ್ತದೆ. ತುಳುಕಿಹೋದದ್ದನ್ನು ಎಡಿಟಿಂಗ್‌ನಲ್ಲಿ ವಾಪಸ್ ತರಲು ಬರುವುದಿಲ್ಲ. ಕಾಲಿ-ಪೀಲಿಯ ಫೋಟೋ ತೆಗೆಯುವವರು ಅರ್ಧ ಸ್ಟಾಪ್‌ಗೂ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ತುಸು ಹೆಚ್ಚೇ ಕತ್ತಲೆ ಇಟ್ಟು ತೆಗೆಯಬೇಕು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಒಟ್ಟು ಬೆಳಕನ್ನಲ್ಲ, ಕೆಂಪಿನ ಗೆರೆಯನ್ನು ನೋಡಬೇಕು. ನಾನು ಇದನ್ನು ಕಲಿತದ್ದು ಬಹಳ ತಡವಾಗಿ.

ಇನ್ನು ರಾತ್ರಿಯವು. ರಸ್ತೆಯಲ್ಲಿ ಸೋಡಿಯಂ ದೀಪಗಳಿದ್ದ ಕಾಲದ ಚಿತ್ರಗಳಲ್ಲಿ ಹಳದಿಯ ಪ್ರಶ್ನೆಯೇ ಏಳುವುದಿಲ್ಲ. ಆ ಬೆಳಕಿನಲ್ಲಿ ನೀಲಿ ಇಲ್ಲವೆನ್ನುವಷ್ಟು ಕಡಿಮೆ. ಬಿಳಿ ಗೋಡೆ, ಹಳದಿ ಮಾಡು, ಕೆನೆಬಣ್ಣದ ಬಾಲ್ಕನಿ ಎಲ್ಲವೂ ಒಂದೇ ಕಿತ್ತಳೆಯಲ್ಲಿ ಅದ್ದಿ ತೆಗೆದ ಹಾಗೆ. ಬಿಳಿಯನ್ನು ಬಿಳಿಯಾಗಿ ತೋರಿಸಲು ಬೆಳಕಿನ ಬಣ್ಣವನ್ನು ಕೆಲ್ವಿನ್ ಅಳತೆಯಲ್ಲಿ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು 2000 ಕೆಲ್ವಿನ್‌ವರೆಗೆ ಎಳೆದರೂ ಬೇರೆ ಬೇರೆ ಆಗುವುದಿಲ್ಲ, ಬರದೇ ಇದ್ದ ಬಣ್ಣವನ್ನು ಎಳೆಯುವುದೆಲ್ಲಿಂದ? ಅವನ್ನೆಲ್ಲ ಪಕ್ಕಕ್ಕಿಟ್ಟೆ.

ಆದರೆ ಹೆಚ್ಚಿನ ತಪ್ಪು ನನ್ನದು. 2010ರಿಂದ ನಾಲ್ಕೈದು ವರ್ಷ ಎಲ್ಲರೂ ಒಂದೇ ಬಗೆಯ ಬಣ್ಣಕ್ಕೆ ಬಿದ್ದಿದ್ದೆವು. ನೆರಳು ಎಂದರೆ ನೀಲಿ-ಹಸಿರು, ಬೆಳಕು ಎಂದರೆ ಕಿತ್ತಳೆ. ಹಳದಿಯ ಸ್ಲೈಡರ್ ಹಿಡಿದು ಎಡಕ್ಕೆ ಜಗ್ಗಿದರೆ ಟ್ಯಾಕ್ಸಿ ಹೊತ್ತಿ ಉರಿಯುವ ಹಾಗೆ ಕಾಣುತ್ತಿತ್ತು, ನೋಡಿದವರು ವಾಹ್ ಎನ್ನುತ್ತಿದ್ದರು. ಮರೀನ್ ಡ್ರೈವ್ ಕಟ್ಟಡಗಳು ಪಶ್ಚಿಮಕ್ಕೆ, ಸಮುದ್ರಕ್ಕೆ ಮುಖ ಮಾಡಿವೆ. ಸಂಜೆ ಬೆಳಕೇ ಅಲ್ಲಿ ಬೇಕಾದಷ್ಟು ಚಿನ್ನ ಸುರಿಯುತ್ತದೆ. ಅದರ ಮೇಲೆ ನಾನು ಮತ್ತೊಂದು ಕೈ ಬಳಿದಿದ್ದೆ. ಕೇಬಲ್ ತಂತಿ, ಎಸಿ ಪೆಟ್ಟಿಗೆ, ಒಣಹಾಕಿದ ಬಟ್ಟೆ ಅಳಿಸಿದ್ದರ ಬಗ್ಗೆ ನನಗೆ ಅಷ್ಟು ಸಂಕಟವಿಲ್ಲ, ಅಳಿಸಿದ್ದು ಅಳಿಸಿದ ಹಾಗೆ ಗೊತ್ತಾಗುತ್ತದೆ. ಬಣ್ಣ ಜಗ್ಗಿದ್ದು ಹಾಗಲ್ಲ. ನೋಡಿದವರು ಅದನ್ನೇ ನಿಜವೆಂದು ನಂಬುತ್ತಾರೆ. ಗೋಡೆಗೆ ಹಾಕಿದ್ದ ಆ 2011ರ ಚಿತ್ರದ ರಾ ಫೈಲ್ ಹುಡುಕಿದೆ. ಇರಲಿಲ್ಲ. ಆಗ ಡಿಸ್ಕ್ ದುಬಾರಿ ಎಂದು, ಎಡಿಟ್ ಮಾಡಿದ ಜೆಪೆಗ್ ಉಳಿಸಿಕೊಂಡು ಮೂಲವನ್ನು ಅಳಿಸಿಬಿಟ್ಟಿದ್ದೆ. ಸೆನ್ಸರ್ ಕಂಡದ್ದನ್ನೆಲ್ಲ ರಾ ಫೈಲ್ ಹಿಡಿದಿಟ್ಟುಕೊಂಡಿರುತ್ತದೆ, ಜೆಪೆಗ್ ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಆ ಸಂಜೆಯ ಹಳದಿ ಇನ್ನು ಯಾವ ಕಾಲಕ್ಕೂ ಸಿಗುವುದಿಲ್ಲ. ಅದನ್ನು ಬರೆಯುವಾಗ ಈಗಲೂ ಬೇಸರವಾಗುತ್ತದೆ.

ಬೇರೆ ಚಿತ್ರ ಬೇಕಿತ್ತು. ರಾ ಇರುವುದು, ಹಗಲಿನದು, ಬಿಸಿಲಿಲ್ಲದ್ದು. ಹುಡುಕುತ್ತಾ 2014ರ ಒಂದು ಸಿಕ್ಕಿತು. ಚರ್ಚ್‌ಗೇಟ್‌ನಲ್ಲಿ ಮೋಡ ಮುಸುಕಿದ ಬೆಳಿಗ್ಗೆ, ಒದ್ದೆ ರಸ್ತೆ, ಹಿಂದೆ ಈರೋಸ್ ಚಿತ್ರಮಂದಿರ, ಮುಂದೆ ಮಾವನ ಗಾಡಿ, ಬಾಗಿಲಿಗೆ ಒರಗಿ ಮಾವ. ಆವತ್ತು ಚೆನ್ನಾಗಿ ಬಂದಿಲ್ಲವೆಂದು ಬಿಟ್ಟಿದ್ದ ಚಿತ್ರ. ಈಗ ನೋಡಿದರೆ ನಾನು ತೆಗೆದವುಗಳಲ್ಲೆಲ್ಲ ಸರಿಯಾಗಿ ನಿಂತು ತೆಗೆದದ್ದು ಅದೊಂದೇ.

ಯಾಕೆಂದು ಹೇಳುತ್ತೇನೆ. ಕಟ್ಟಡ ಮತ್ತು ಗಾಡಿಯನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವುದು ಕಷ್ಟದ ಕೆಲಸ. ಎರಡೂ ಬೇರೆ ಬೇರೆ ಕೇಳುತ್ತವೆ. ಈರೋಸ್‌ನಂಥ ಆರ್ಟ್ ಡೆಕೊ ಕಟ್ಟಡದ ಸೊಗಸೆಲ್ಲ ಅದರ ನೆಟ್ಟನೆ ಗೆರೆಗಳಲ್ಲಿ, ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಗೋಪುರದಲ್ಲಿ ಇದೆ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಆ ಗೆರೆಗಳು ಮೇಲೆ ಹೋಗುತ್ತಾ ಒಂದಕ್ಕೊಂದು ವಾಲುತ್ತವೆ. ಸಾಫ್ಟ್‌ವೇರ್‌ನಲ್ಲಿ ನೆಟ್ಟಗೆ ಮಾಡಬಹುದು, ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಕಟ್ಟಡ ನೆಟ್ಟಗಾಗುವಾಗ ಮುಂದಿನ ಗಾಡಿ ಹಿಂಡಿದಂತಾಗುತ್ತದೆ, ದುಂಡಗಿದ್ದ ಚಕ್ರ ಮೊಟ್ಟೆಯಾಗುತ್ತದೆ. ಚಕ್ರ ಮೊಟ್ಟೆಯಾದ ಫಿಯಾಟನ್ನು ಯಾವ ಡ್ರೈವರ್ ಒಪ್ಪುತ್ತಾನೆ? ಉಪಾಯವೆಂದರೆ ಹಿಂದೆ ಸರಿಯುವುದು. ರಸ್ತೆಯ ಆಚೆ ಬದಿಗೆ ಹೋಗಿ, 85 ಮಿಲಿಮೀಟರ್ ಲೆನ್ಸ್ ಹಾಕಿ, ಗಾಡಿಯ ಕಿಟಕಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ಕ್ಯಾಮೆರಾವನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ ಹಿಡಿಯಬೇಕು. ಗೋಪುರದ ತುದಿ ಕತ್ತರಿಸಿ ಹೋದರೆ ಹೋಗಲಿ. ನಡುವೆ ಬಸ್ಸು ಬರುತ್ತದೆ, ಕಾಯಬೇಕು.

ಬೆಳಕಿನ ವಿಷಯಕ್ಕೆ ಬಂದರೆ ಓವಲ್ ಮೈದಾನದಷ್ಟು ಒಳ್ಳೆಯ ಪಾಠಶಾಲೆ ನಾನು ಬೇರೆ ಕಂಡಿಲ್ಲ. ಮೈದಾನದ ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗೋಪುರ, ಎಲ್ಲ ಚೂಪು ಕಮಾನುಗಳ ಗಾಥಿಕ್ ಶೈಲಿಯ ಕಲ್ಲುಕೆಲಸ. ಪಶ್ಚಿಮಕ್ಕೆ ಸಿಮೆಂಟ್ ಕಾಂಕ್ರೀಟ್ ಬಂದ ಮೇಲೆ ಕಟ್ಟಿದ ಡೆಕೊ ಮನೆಗಳ ಸಾಲು. ಎರಡೂ ಸಾಲು ಒಂದನ್ನೊಂದು ನೋಡುತ್ತಾ ನಿಂತಿವೆ. ಬೆಳಿಗ್ಗೆ ಬಿಸಿಲು ಡೆಕೊ ಮುಖಕ್ಕೆ, ಸಂಜೆ ಬಿಸಿಲು ಗಾಥಿಕ್ ಮುಖಕ್ಕೆ. ಇವೆರಡೂ ಮರೀನ್ ಡ್ರೈವ್ ಜೊತೆ ಸೇರಿ 94 ಕಟ್ಟಡಗಳಾಗಿ 2018ರ ಜೂನ್ 30ರಂದು ಯುನೆಸ್ಕೊ ಪಟ್ಟಿಗೆ ಹೋದವು. ವಿಕ್ಟೋರಿಯಾ ಟರ್ಮಿನಸ್ ಕಟ್ಟಿದ ಎಫ್. ಡಬ್ಲ್ಯು. ಸ್ಟೀವನ್ಸ್ ಅವರ ಮಗ ಚಾರ್ಲ್ಸ್ ಸ್ಟೀವನ್ಸ್ 1933ರಲ್ಲಿ ರೀಗಲ್ ಚಿತ್ರಮಂದಿರ ಕಟ್ಟಿದರು. ಅಪ್ಪ ಗಾಥಿಕ್, ಮಗ ಡೆಕೊ. ಈ ಎರಡು ಹೆಸರು ಸೇರಿದರೆ ಮೈದಾನದ ಎರಡೂ ಬದಿಗಳ ಕಥೆ ಒಂದೇ ಮನೆಯೊಳಗೆ ಬಂದ ಹಾಗೆ ನನಗನಿಸುತ್ತದೆ.

ಈಗ ಮತ್ತೆ 2014ರ ಚಿತ್ರಕ್ಕೆ. ರಾ ಫೈಲ್ ಇತ್ತು ನಿಜ, ಆದರೆ ಅದರಲ್ಲಿ ಯಾವುದು ಬಿಳಿ ಎಂದು ಹೇಳುವವರು ಬೇಕಿತ್ತು. ಬೂದುಬಣ್ಣದ ಕಾರ್ಡ್ ಒಂದನ್ನು ಚೌಕಟ್ಟಿನಲ್ಲಿ ಹಿಡಿದು ತೆಗೆದಿದ್ದರೆ ಕೆಲಸ ಒಂದು ಕ್ಲಿಕ್ಕಿನದು. ಹಿಡಿದಿರಲಿಲ್ಲ. ಮೊದಲು ಈರೋಸ್‌ನ ಮೊರೆ ಹೋದೆ. ಶೋರಾಬ್‌ಜಿ ಭೇದವಾರ್ ವಿನ್ಯಾಸ ಮಾಡಿದ, 1938ರಲ್ಲಿ ತೆರೆದ ಕಟ್ಟಡ ಅದು. ಕೆನೆಬಣ್ಣದ ಗೋಡೆ, ನಡುನಡುವೆ ಆಗ್ರಾದ ಕೆಂಪು ಮರಳುಗಲ್ಲು. ಬಣ್ಣ ಬಳಿದ ಗೋಡೆ ಬದಲಾಗಬಹುದು, ಕಲ್ಲು ಎಲ್ಲಿಗೆ ಹೋಗುತ್ತದೆ? ಮೋಡದ ದಿನ ನೋಡಿ ಹೋಗಿ, ಈ ಸಲ ಬೂದು ಕಾರ್ಡ್ ಹಿಡಿದು ಅದೇ ಕಲ್ಲನ್ನು ತೆಗೆದು, ಹಳೆಯ ಚಿತ್ರದ ಕಲ್ಲಿಗೆ ಹೋಲಿಸಿದರೆ ಆಯಿತು ಎಂದುಕೊಂಡೆ. ಹೋದೆ. ಆದರೆ ಕಟ್ಟಡ ದುರಸ್ತಿಯಾಗಿ 2024ರಲ್ಲಿ ಚಿತ್ರಮಂದಿರ ಹೊಸದಾಗಿ ತೆರೆದಿತ್ತು. ಕಲ್ಲಿನ ಮುಖವೇ ಬೇರೆಯಾಗಿ ಕಂಡಿತು. ಅಂದಿನ ಹೊಗೆ, ಪಾಚಿ, ಧೂಳು ಏನೂ ಇಲ್ಲ. ಕಟ್ಟಡ ಚೆನ್ನಾಗಿ ಕಂಡು ಖುಷಿಯಾಯಿತು, ಕೆಲಸ ಮಾತ್ರ ಕೆಟ್ಟಿತು.

ಎರಡನೆಯದು ಒಂದು ಡಬ್ಬ. ಮಾವನ ಅಟ್ಟದಲ್ಲಿ ಟಚಿಂಗ್‌ಗೆಂದು ಇಟ್ಟ ಎನಾಮಲ್ ಹಳದಿಯ ಚಿಕ್ಕ ಡಬ್ಬ ಸಿಕ್ಕಿತು. ಒಳಗೆ ಗಟ್ಟಿಯಾಗಿ ಕಲ್ಲಾಗಿತ್ತು. ಮುಚ್ಚಳದ ಮೇಲೆ ಒಸರಿದ ಬಣ್ಣ ಮಾವನಿಗೆ ತೋರಿಸಿದೆ. ಅವರು ತಲೆಯಾಡಿಸಿದರು. "ಇದ್ ಹೊಸ್ತಿದ್ದಾಗ ಇಷ್ಟ್ ಕಪ್ ಇರ್ಲಿಲ್ಲ. ಮತ್ತೆ ಗಾಡಿ ಮೇಲೆ ಹೋದ್ ಮೇಲೆ ಅದೇ ಬೇರೆ." ಅವರು ಹೇಳಿದ್ದು ಸರಿ. ಎಣ್ಣೆ ಬೆರೆತ ಬಣ್ಣ ಕತ್ತಲಲ್ಲಿ ಮುಚ್ಚಿಟ್ಟರೆ ಒಂದು ರೀತಿ ಮಾಸುತ್ತದೆ, ಬಿಸಿಲಿಗೆ ಬಿಟ್ಟರೆ ಮತ್ತೊಂದು ರೀತಿ. ಅಷ್ಟೇ ಅಲ್ಲ, ಟ್ಯಾಕ್ಸಿಗೆ ಪ್ರತಿ ವರ್ಷ ಪಾಸಿಂಗ್, ಅಂದರೆ ಆರ್‌ಟಿಒ ತಪಾಸಣೆ, ಇರುತ್ತಿತ್ತು. ಮಾವನ ಗಾಡಿಯದು ದಸರಾದ ಹೊತ್ತಿಗೆ. ಪಾಸಿಂಗ್‌ಗೆ ಮೊದಲು ಡೆಂಟಿಂಗ್, ಪುಟ್ಟಿ, ಆಮೇಲೆ ಹೊಸ ಪೇಂಟು. ದೀಪಾವಳಿಗೆ ಮಾಡು ಹೊಳೆಯುತ್ತಿತ್ತು, ಹೋಳಿಗೆ ಇಳಿಯುತ್ತಿತ್ತು, ಮೇ ತಿಂಗಳ ಬಿಸಿಲಿಗೆ ಸುಣ್ಣ ಹಿಡಿದಂತಾಗಿ, ಮಳೆಗಾಲದಲ್ಲಿ ಕ್ಯಾರಿಯರ್ ಬುಡದಿಂದ ತುಕ್ಕಿನ ಗೆರೆ ಇಳಿಯುತ್ತಿತ್ತು. ಒಂದೇ ಹಳದಿ ಎಂದು ನಾನು ಹುಡುಕುತ್ತಿದ್ದದ್ದು ಹನ್ನೆರಡು ತಿಂಗಳ ಹನ್ನೆರಡು ಹಳದಿ.

ಆಗ ಕಣ್ಣಿಗೆ ಬಿದ್ದದ್ದು ಅಂಗಿ. ಮಾವನ ಬಿಳಿ ಅಂಗಿ. ಇಷ್ಟು ದಿನ ಗಾಡಿಯನ್ನೇ ನೋಡುತ್ತಿದ್ದವನಿಗೆ ಬಾಗಿಲ ಬಳಿ ನಿಂತ ಬಿಳಿ ಕಂಡಿರಲಿಲ್ಲ. ಅದರ ಮೇಲೆ ವೈಟ್ ಬ್ಯಾಲೆನ್ಸ್ ಕಡ್ಡಿ ಇಟ್ಟು ಒತ್ತಿದೆ. ಅಂಗಿ ಅಪ್ಪಟ ಬಿಳಿಯಾಯಿತು, ಮಾಡು ಮತ್ತೆ ಗೊಂಡೆಯ ಕಡೆ ವಾಲಿತು. ಒದ್ದೆ ರಸ್ತೆ ಕಂದುಗಟ್ಟಿತು, ಮೋಡದ ಆಕಾಶ ಹಾಲುಕೋವಾ ಬಣ್ಣಕ್ಕೆ ತಿರುಗಿತು. ಏನೋ ಸರಿಯಿಲ್ಲ. ಮಾರನೇ ದಿನ ಫೋನ್ ಮಾಡಿ ಅತ್ತೆಯ ಹತ್ತಿರ ಕೇಳಿದೆ.

"ಅತ್ತೆ, ಮಾವನ ಅಂಗಿಗೆ ನೀಲಿ ಹಾಕ್ತಿದ್ರಾ?"

"ಹಾಕದೆ! ಸ್ವಲ್ಪ ಜಾಸ್ತಿನೇ ಹಾಕ್ತಿದ್ದೆ. ಮಾಲೀಕನ ಅಂಗಿ ಅಲ್ವಾ, ಸ್ಟ್ಯಾಂಡ್‌ನಲ್ಲಿ ಎಲ್ಲರ ಎದುರು ಬೆಳ್ಳಗೆ ಕಾಣ್ಬೇಕು."

ಬಟ್ಟೆಗೆ ಹಾಕುವ ನೀಲಿ ಕೊಳೆಯನ್ನು ತೆಗೆಯುವುದಿಲ್ಲ, ಹಳೆಯ ಹತ್ತಿಬಟ್ಟೆಯ ಹಳದಿಯನ್ನು ತನ್ನ ನೀಲಿಯಿಂದ ಮುಚ್ಚುತ್ತದೆ. ಜಾಸ್ತಿಯಾದರೆ ಬಿಳಿಯ ಆಚೆಗೆ, ತಿಳಿನೀಲಿಗೆ ಹೋಗುತ್ತದೆ. ಆ ತಿಳಿನೀಲಿಯನ್ನು ನಾನು ಬಿಳಿ ಎಂದು ಕಂಪ್ಯೂಟರ್‌ಗೆ ಹೇಳಿದ್ದೆ, ಅದು ಪಾಪ, ನೀಲಿಯನ್ನು ಕಳೆಯಲು ಇಡೀ ಚಿತ್ರಕ್ಕೆ ಹಳದಿ ಸುರಿದಿತ್ತು. ವಾಪಸ್ ಬಂದೆ. ಅಂಗಿಯಲ್ಲಿ ಅತ್ತೆಯ ನೀಲಿ ಉಳಿಯುವಷ್ಟು, ಒದ್ದೆ ಡಾಂಬರು ಬೂದುಬಣ್ಣವಾಗುವಷ್ಟು, ಫುಟ್‌ಪಾತ್ ಅಂಚಿನ ಕಪ್ಪು-ಬಿಳಿ ಪಟ್ಟೆ ಕಪ್ಪು-ಬಿಳಿಯಾಗಿ ಕಾಣುವಷ್ಟು ಜರುಗಿಸಿದೆ. 6400 ಕೆಲ್ವಿನ್ ಹತ್ತಿರ ಬಂದು ನಿಂತಿತು. ಮೋಡದ ಬೆಳಕು ಇರುವುದೂ ಅಲ್ಲೇ ಸುತ್ತಮುತ್ತ. ಹಳದಿಯ ಸ್ಲೈಡರನ್ನು ನಾನು ಮುಟ್ಟಲೇ ಇಲ್ಲ. ಮಾಡು ತಾನಾಗಿಯೇ ತಣ್ಣಗಾಗಿ, ಬಕ್ಕೆ ಹಲಸಿನ ಸೊಳೆಯ ಬಣ್ಣಕ್ಕೆ ಬಂದಿತ್ತು. ನಂಬರ್ ಪ್ಲೇಟಿನ ಹಳದಿ ಬೇರೆ, ಮಾಡಿನ ಹಳದಿ ಬೇರೆ ಎಂದು ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಹಿಂದಿನ ನನ್ನ ಎಲ್ಲ ಚಿತ್ರಗಳಲ್ಲೂ ಎರಡನ್ನೂ ಒಂದೇ ಮಾಡಿಟ್ಟಿದ್ದೆ.

ಉಳಿದದ್ದು ಸಣ್ಣ ಕೆಲಸ. ಕಪ್ಪು ಬಾನೆಟ್ ಮೇಲೆ ಈರೋಸ್‌ನ ಗೋಪುರ ತಲೆಕೆಳಗಾಗಿ ಬಿದ್ದಿತ್ತು, ಅದನ್ನು ಹಾಗೇ ಬಿಟ್ಟೆ. ಗಾಜಿನ ಮೇಲಿನ, ಬಣ್ಣದ ಮೇಲಿನ ಪ್ರತಿಬಿಂಬವನ್ನು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಕಡಿಮೆ ಮಾಡುತ್ತದೆ, ಕ್ರೋಮ್ ಮಾತ್ರ ಅದಕ್ಕೆ ಬಗ್ಗುವುದಿಲ್ಲ. ಹಾಗಾಗಿ ಚಕ್ರದ ನಡುವಿನ ಹೊಳೆಯುವ ಕ್ರೋಮ್ ಮುಚ್ಚಳದಲ್ಲಿ ರಸ್ತೆಯಾಚೆ ಕುಕ್ಕರಿಸಿದ ಒಂದು ಚುಕ್ಕೆ ಇತ್ತು. ಅದು ನಾನು. ಅದನ್ನೂ ಬಿಟ್ಟೆ. ಚೌಕಟ್ಟಿನ ಬಲಕ್ಕೆ ಹಿಂದಿನ ಬಂಪರ್ ಒಂದಿಷ್ಟು ಕತ್ತರಿಸಿಹೋಗಿತ್ತು. ಈಗಿನ ಎಐ ಅದನ್ನು ತುಂಬಿಸಿ ಕೊಡುತ್ತದೆ ಎಂದು ಮಾವನ ಮೊಮ್ಮಗ ಅವನ ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿದ. ನಯವಾಗಿ ತುಂಬಿಸಿತು, ಆದರೆ ಅದು ಯಾವ ಫಿಯಾಟಿನ ಬೆನ್ನೂ ಅಲ್ಲ. ಕತ್ತರಿಸಿದ ಹಾಗೇ ಇರಲಿ ಎಂದೆ. ಅವನಿಗೆ ಸ್ವಲ್ಪ ನಿರಾಸೆಯಾಯಿತು.

ಹೊಳಪಿಲ್ಲದ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಸುರುಳಿ ಸುತ್ತಿ, ಗಣಪತಿ ಹಬ್ಬ ಮುಗಿದ ಭಾನುವಾರ ವಡಾಳಕ್ಕೆ ಹೋದೆ. ಅತ್ತೆ ಕಾಫಿ ಇಟ್ಟರು. ಟೇಬಲ್ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಇಟ್ಟೆ. ಮಾವ ಒಂದು ಸಲ ನೋಡಿ, ಮೇಲಿನ ದೀಪದ ಕಡೆ ನೋಡಿದರು.

"ಟ್ಯೂಬ್‌ಲೈಟ್ ಅಡಿ ಬೇಡ. ಕಿಟ್ಕಿ ಹತ್ರ ತಕಂಬಾ."

ಕಿಟಕಿಯ ಹತ್ತಿರ ಒಯ್ದೆವು. ಒಂದು ಅಂಚು ಅವರು ಹಿಡಿದರು, ಇನ್ನೊಂದು ನಾನು. ಹೊರಗೆ ಮೋಡ ಇತ್ತು. ಅವರು ಮಾಡಿನ ಮೇಲೆ, ಕ್ಯಾರಿಯರ್ ಬುಡದ ಗೆರೆಯ ಮೇಲೆ ಬಹಳ ಹೊತ್ತು ಕಣ್ಣಿಟ್ಟರು. ಅಂಗಿಯ ಮೇಲೆ ಒಂದು ಕ್ಷಣ.

"ಇದ್ ಯಾವ ತಿಂಗ್ಳದ್ದ್?"

"ಆಗಸ್ಟ್, ಮಾವ."

"ಹಾಂಗಾರೆ ಸಮ" ಎಂದರು.